ಐದು ದಿನ ಬಾಳುವ ಹಳದಿ ಚೀಲ

ಅಕ್ಕನ ಮಗನಿಗೆ ಎಎಂಎಲ್ ಎಂಬ ರಕ್ತದ ಕ್ಯಾನ್ಸರ್ ಅಂತ ಗೊತ್ತಾದಾಗ 7 ವರ್ಷ. ಗದಗದಿಂದ ಬೆಂಗಳೂರಿಗೆ ಬಂದೆವು. ಸೈಟರಾಬಿನ್, ಡಾನೊರುಬಿಸಿನ್ ಎಂಬ ಕೀಮೋ ಔಷಧಿಗಳು ಮೈಗೇರಿದ ಮೇಲೆ ಕೆಟ್ಟ ಜೀವಕೋಶಗಳ ಜೊತೆ ಒಳ್ಳೆಯವೂ ನೆಲಕಚ್ಚುತ್ತವೆ. ಹಲ್ಲುಜ್ಜಿದರೆ ವಸಡಿನಲ್ಲಿ ರಕ್ತ; ಅಕ್ಕ ಬ್ರಷ್ ಬಿಟ್ಟು ಹತ್ತಿಯಲ್ಲಿ ಒರೆಸುತ್ತಿದ್ದಳು.

ಔಷಧಿಗೇನೋ ಸಾಲ ಹುಟ್ಟಿತು. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಎಲ್ಲಿಂದ ತರೋದು? ಆ ಹಳದಿ ಚೀಲವನ್ನು ಅಲುಗಾಡಿಸುತ್ತಲೇ ಇಡಬೇಕು, ಬಾಳಿಕೆ 5 ದಿನ. ಗುರುತು ಪರಿಚಯವಿಲ್ಲದ ಊರಲ್ಲಿ 'ದಾನಿಯನ್ನು ನೀವೇ ಕರೆತನ್ನಿ' ಅನ್ನುವುದು ಯಾವ ನ್ಯಾಯ? ದಾನಿ ಹುಡುಕುವುದು ರಕ್ತನಿಧಿಯ ಕೆಲಸ, ತಾಯಿಯದಲ್ಲ. ಯಂತ್ರದ ಮೂಲಕ ಪ್ಲೇಟ್‌ಲೆಟ್ ಕೊಟ್ಟವರು 48 ಗಂಟೆ ಕಳೆದರೆ ಮತ್ತೆ ಕೊಡಬಹುದು; ಅವರ ಪಟ್ಟಿ ಇಟ್ಟುಕೊಳ್ಳಲು ಏನು ಕಷ್ಟ?

ಅಂದು ಬಸ್‌ಸ್ಟ್ಯಾಂಡಿನಲ್ಲಿ ನಾನು ಕೈಮುಗಿದಾಗ ಪ್ಲೇಟ್‌ಲೆಟ್ ಕೊಡಲು ಒಪ್ಪಿದವನು ಒಬ್ಬ ಆಟೋ ಡ್ರೈವರ್. ಒಂದೂವರೆ ಗಂಟೆ ಮಲಗಿದ್ದ. ಎದ್ದು ಟೀ ಕುಡಿದು ಬಾಡಿಗೆಗೆ ಹೋದ.