ಸಾವಿರ ತುಂಡಿನ ಹಡಗು, ಹೊಳೆಯ ಹರಿಗೋಲು

ಸಿರುಗುಪ್ಪದ ಹುಡುಗನಿಗೆ ತುಂಗಭದ್ರೆ ಗೊತ್ತು, ಹರಿಗೋಲು ಗೊತ್ತು. ಕುರುಗೋಡಿನ ಹುಡುಗಿಗೆ ದೊಡ್ಡಬಸವೇಶ್ವರನ ತೇರು ಗೊತ್ತು, ಜಾತ್ರೆಯ ಆಟಿಕೆ ಅಂಗಡಿ ಗೊತ್ತು. ಹಾಯಿ ಬಿಚ್ಚಿ ಹೊರಟ ಹಡಗನ್ನು ಇಬ್ಬರೂ ಕಂಡಿರುವುದು ಚಿತ್ರದಲ್ಲಿ ಮಾತ್ರ. ಆದರೂ ಹುಟ್ಟುಹಬ್ಬ ಹತ್ತಿರ ಬಂತೆಂದರೆ ಇಬ್ಬರದೂ ಒಂದೇ ಬೇಡಿಕೆ: ತುಂಡು ತುಂಡಾಗಿ ಜೋಡಿಸುವ ಕಡಲ್ಗಳ್ಳರ ಹಡಗು ಬೇಕು. ಬಳ್ಳಾರಿಗೆ ಬಂದು ಬೆಲೆ ಕೇಳಿದ ಅಪ್ಪ ಅಂಗಡಿಯ ಮೆಟ್ಟಿಲು ಇಳಿದುಬಿಡುತ್ತಾನೆ. ಪ್ಲಾಸ್ಟಿಕ್ ತುಂಡುಗಳಿಗೆ ಇಷ್ಟೊಂದು ದುಡ್ಡೆ ಎಂಬ ಅವನ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಹುಡುಕಬೇಕಾದರೆ ಪೆಟ್ಟಿಗೆಯನ್ನು ಬಿಚ್ಚಿಯೇ ನೋಡಬೇಕು.

ಲೆಗೊ ಕಂಪನಿ 2020ರಲ್ಲಿ ಹೊರತಂದ ಕಡಲ್ಗಳ್ಳರ ಹಡಗನ್ನೇ ತೆಗೆದುಕೊಳ್ಳೋಣ. ಅದರ ಸಂಖ್ಯೆ 31109. ಪೆಟ್ಟಿಗೆಯಲ್ಲಿರುವ ತುಂಡುಗಳು 1,264. ಜೊತೆಗೆ ಬೆರಳುದ್ದದ ಮೂರು ಗೊಂಬೆಗಳು. ಪೂರ್ತಿ ಜೋಡಿಸಿದಾಗ ಹಡಗಿನ ಉದ್ದ ಸುಮಾರು 46 ಸೆಂಟಿಮೀಟರ್, ಎಂದರೆ ಹೆಚ್ಚುಕಡಿಮೆ ಒಂದೂವರೆ ಅಡಿ. ಕಂಪನಿ ಇದನ್ನು 9 ವರ್ಷ ತುಂಬಿದವರಿಗೆಂದು ಹೇಳಿದೆ. ಬಿಡುಗಡೆಯಾದಾಗ ಅಮೆರಿಕದಲ್ಲಿ ಇದರ ಬೆಲೆ 99.99 ಡಾಲರ್. ನಮ್ಮಲ್ಲಿ ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ 20ರಿಂದ ಶೇ 60ಕ್ಕೂ, 2023ರಲ್ಲಿ ಶೇ 70ಕ್ಕೂ ಏರಿತು. ವಿದೇಶಿ ಆಟಿಕೆಯ ಬೆಲೆ ಕೇಳಿ ಎದೆ ಝಲ್ಲೆನ್ನಲು ಇದೂ ಒಂದು ಕಾರಣ.

ಈ ಪೆಟ್ಟಿಗೆಯ ಮೊದಲ ಗುಣ, ಒಂದರಲ್ಲಿ ಮೂರು ಆಟಿಕೆ ಇರುವುದು. ಹಡಗನ್ನು ಕಳಚಿ ಅದೇ ತುಂಡುಗಳಿಂದ ಕಡಲ್ಗಳ್ಳರ ವಸತಿಗೃಹ ಕಟ್ಟಬಹುದು. ಅದನ್ನೂ ಕಳಚಿದರೆ ತಲೆಬುರುಡೆಯ ಆಕಾರದ ದ್ವೀಪ ಕಟ್ಟಬಹುದು. ಕಟ್ಟಿದ್ದನ್ನು ಕಳಚುವ ಧೈರ್ಯ ದೊಡ್ಡವರಿಗೂ ಸುಲಭವಾಗಿ ಬರುವುದಿಲ್ಲ. ಅದನ್ನು ಆಟದಲ್ಲಿ ಕಲಿತ ಮಗು ಗಣಿತದ ಲೆಕ್ಕ ತಪ್ಪಿದಾಗ ಅಳದೆ ಮತ್ತೆ ಮೊದಲಿನಿಂದ ಹಿಡಿಯುತ್ತದೆ.

ಎರಡನೆಯ ಗುಣ ಇನ್ನೂ ದೊಡ್ಡದು. ಜೋಡಣೆಯ ಹಂತಗಳೆಲ್ಲ ಚಿತ್ರದಲ್ಲೇ ಇವೆ. ಓದಿ ಅರ್ಥ ಮಾಡಿಕೊಳ್ಳುವ ವಾಕ್ಯಗಳಿಲ್ಲ. ಬಳ್ಳಾರಿಯ ಇಂಗ್ಲಿಷ್ ಶಾಲೆಯ ಮಗುವೂ, ಸಿರುಗುಪ್ಪ ಸೀಮೆಯ ಹಳ್ಳಿಯ ಕನ್ನಡ ಶಾಲೆಯ ಮಗುವೂ ಇದರ ಮುಂದೆ ಸರಿಸಮಾನರು. ಇಂಗ್ಲಿಷ್ ಬಾರದೆಂಬ ಹಿಂಜರಿಕೆಗೆ ಇಲ್ಲಿ ಜಾಗವಿಲ್ಲ. ಚಿತ್ರ ನೋಡಿ, ತುಂಡು ಎಣಿಸಿ, ಎಡ ಯಾವುದು ಬಲ ಯಾವುದು ಎಂದು ತಿಳಿದರೆ ಸಾಕು.

ದೋಷಗಳೂ ಇವೆ. ಮೂರು ಮಾದರಿಗಳೆಂದರೂ ಒಂದು ಸಲಕ್ಕೆ ಪೂರ್ತಿಯಾಗಿ ನಿಲ್ಲುವುದು ಒಂದೇ. ಅಣ್ಣನಿಗೆ ಹಡಗು, ತಂಗಿಗೆ ದ್ವೀಪ ಬೇಕಾದರೆ ಮನೆಯಲ್ಲಿ ಜಗಳ ಖಂಡಿತ. ಇಷ್ಟು ದೊಡ್ಡ ಹಡಗಿಗೆ ಮೂರೇ ಜನ ನಾವಿಕರು ಎಂಬುದೂ ಜುಗ್ಗತನವೇ. ಇದು ನೀರಿಗೆ ಬಿಡುವ ಹಡಗಲ್ಲ. ತುಂಡುಗಳ ಸಂದಿನಲ್ಲಿ ನೀರು ನುಗ್ಗುತ್ತದೆ. ಹೊಳೆಯ ದಂಡೆಗೆ ಒಯ್ಯುವ ಆಸೆ ಇದ್ದರೆ ಅದನ್ನು ಮನೆಯಲ್ಲೇ ಬಿಡಬೇಕು. ಮೂರು ವರ್ಷದೊಳಗಿನ ಕೂಸು ಇರುವ ಮನೆಯಲ್ಲಂತೂ ಹೆಚ್ಚಿನ ಎಚ್ಚರ ಬೇಕು. ಈ ಸಣ್ಣ ತುಂಡುಗಳು ಗಂಟಲಲ್ಲಿ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ.

ಈ ಆಟಿಕೆಯ ಹುಟ್ಟೂ ತಿಳಿಯಬೇಕಾದದ್ದೇ. ಡೆನ್ಮಾರ್ಕಿನ ಬಿಲ್ಲುಂಡ್ ಎಂಬ ಊರಿನ ಬಡಗಿ ಓಲೆ ಕಿರ್ಕ್ ಕ್ರಿಶ್ಚಿಯನ್ಸನ್ 1932ರಲ್ಲಿ ಆರಂಭಿಸಿದ ಕಸುಬು ಅದು. ಆರ್ಥಿಕ ಮುಗ್ಗಟ್ಟಿನ ಕಾಲ. ಮನೆ ಕಟ್ಟುವ ಕೆಲಸ ಸಿಗದೆ ಆತ ಮರದ ಆಟಿಕೆ ಮಾಡತೊಡಗಿದ. 'ಚೆನ್ನಾಗಿ ಆಡು' ಎಂಬ ಅರ್ಥದ ಡೇನಿಶ್ ಮಾತುಗಳಿಂದ ಲೆಗೊ ಎಂಬ ಹೆಸರು ಬಂತು. ಇಂದಿನ ಮಾದರಿಯ ಪ್ಲಾಸ್ಟಿಕ್ ಇಟ್ಟಿಗೆಗೆ 1958ರ ಜನವರಿ 28ರಂದು ಪೇಟೆಂಟ್ ಅರ್ಜಿ ಸಲ್ಲಿಕೆಯಾಯಿತು. ಮೇಲೆ ಗುಬುಟು, ಒಳಗೆ ಕೊಳವೆ. ಒಂದರ ಗುಬುಟು ಇನ್ನೊಂದರ ಒಳಗೆ ಬಿಗಿಯಾಗಿ ಕೂರುತ್ತದೆ. ಅಂದಿನ ಇಟ್ಟಿಗೆ ಇಂದಿನದಕ್ಕೂ ಕೂಡುತ್ತದೆ. ಕೈಕಾಲು ಆಡಿಸುವ ಪುಟ್ಟ ಗೊಂಬೆ ಬಂದದ್ದು 1978ರಲ್ಲಿ. 1989ರಲ್ಲಿ ಕಡಲ್ಗಳ್ಳರು ಬಂದಾಗ ನಗುಮುಖವೊಂದನ್ನೇ ಹೊತ್ತಿದ್ದ ಗೊಂಬೆಗಳಿಗೆ ಗಡ್ಡ, ಕಣ್ಣುಪಟ್ಟಿ, ಮರದ ಕಾಲು ಬಂದವು.

ಗಣಿತದ ಮೇಷ್ಟರಿಗೆ ಒಂದು ರುಚಿಯಾದ ಲೆಕ್ಕವೂ ಇಲ್ಲಿದೆ. ಎಂಟು ಗುಬುಟಿನ, ಒಂದೇ ಬಣ್ಣದ ಎರಡು ಇಟ್ಟಿಗೆಗಳನ್ನು 24 ಬಗೆಯಲ್ಲಿ ಕೂಡಿಸಬಹುದು. ಮೂರಾದರೆ 1,060 ಬಗೆ. ಆರಾದರೆ 91,51,03,765 ಬಗೆ! ಆರೇ ಇಟ್ಟಿಗೆಗೆ ಇಷ್ಟಾದರೆ ಸಾವಿರದ ಮಾತೇ ಬೇಡ. ಚಿತ್ರದಲ್ಲಿದ್ದಂತೆ ಒಮ್ಮೆ ಹಡಗು ಕಟ್ಟಿ ಷೋಕೇಸಿನಲ್ಲಿ ಇಟ್ಟರೆ, ಕೊಟ್ಟ ದುಡ್ಡಿನಲ್ಲಿ ಬಹುಪಾಲು ವ್ಯರ್ಥವಾದಂತೆ.

ಹಾಗಾದರೆ ಮುಂದೆ ಏನು ಕಟ್ಟಬೇಕು? ಉತ್ತರ ತುಂಗಭದ್ರೆಯಲ್ಲೇ ಇದೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಬುಟ್ಟಿಯಂತೆ ದುಂಡಗಿದ್ದ, ಹೊರಗೆ ತೊಗಲು ಹೊದಿಸಿದ ದೋಣಿಗಳ ಬಗ್ಗೆ ಬರೆದಿದ್ದಾನೆ. ಒಂದೊಂದರಲ್ಲಿ ಹದಿನೈದಿಪ್ಪತ್ತು ಜನ ಹೊಳೆ ದಾಟುತ್ತಿದ್ದರಂತೆ. ಅದೇ ನಮ್ಮ ಹರಿಗೋಲು. ಚೌಕಟ್ಟಾದ ಇಟ್ಟಿಗೆಗಳಿಂದ ದುಂಡಗಿನ ಹರಿಗೋಲು ಕಟ್ಟಲು ಮಗುವಿಗೆ ಹೇಳಿ ನೋಡಿ. ಹಡಗಿಗಿಂತ ಅದೇ ಕಷ್ಟ. ಇಟ್ಟಿಗೆ ಇಟ್ಟಿಗೆಯಾಗಿ ಒಂದೊಂದೇ ಗುಬುಟು ಜರುಗಿಸುತ್ತ ಹೋದಂತೆ ವೃತ್ತ ಮೂಡುವುದನ್ನು ಕಂಡ ಮಗುವಿಗೆ ಜ್ಯಾಮಿತಿ ಹೆದರಿಸುವುದಿಲ್ಲ.

ಗೊಂಬೆಗಳಿಗೂ ಕತೆ ಬೇಕು. ಬಳ್ಳಾರಿಯ ತೊಗಲುಗೊಂಬೆ ಕಲಾವಿದ, 2023ರಲ್ಲಿ ತೀರಿಕೊಂಡ ಬೆಳಗಲ್ಲು ವೀರಣ್ಣ ರಾಮಾಯಣವನ್ನೂ ಸ್ವಾತಂತ್ರ್ಯ ಹೋರಾಟವನ್ನೂ ಗೊಂಬೆಗಳಿಂದಲೇ ಆಡಿಸಿದರು. ಆಡಿಸುವವರು ಮಾತು ಕೊಟ್ಟರೆ ತೊಗಲೂ ಮಾತಾಡುತ್ತದೆ, ಪ್ಲಾಸ್ಟಿಕ್ಕೂ ಮಾತಾಡುತ್ತದೆ. ಮೂವರು ಕಡಲ್ಗಳ್ಳರು ಕುರುಗೋಡಿನ ಬೆಟ್ಟದ ಕೋಟೆಯಲ್ಲಿ ನಿಧಿ ಹುಡುಕಿದರೆ ಬೇಡವೆನ್ನುವವರು ಯಾರು?

ಕೊಳ್ಳುವ ಪಾಲಕರಿಗೆ ಎರಡು ಮಾತು. 2021ರ ಜನವರಿ 1ರಿಂದ ಭಾರತದಲ್ಲಿ ಮಾರುವ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ವಿದೇಶದಿಂದ ಬಂದದ್ದಕ್ಕೂ ಇದೇ ನಿಯಮ. ಆ ಗುರುತಿಲ್ಲದ ಅಗ್ಗದ ನಕಲಿ ಪೆಟ್ಟಿಗೆ ಬೇಡ. ತುಂಡುಗಳು ಸರಿಯಾಗಿ ಕೂರದಿದ್ದರೆ ಮಗು ತಪ್ಪು ತನ್ನದೇ ಎಂದುಕೊಳ್ಳುತ್ತದೆ. ಇನ್ನೊಂದು, ಒಬ್ಬರಿಗೆ ದುಬಾರಿಯಾದದ್ದು ನಾಲ್ವರು ಸೇರಿದರೆ ಹಗುರ. ಅಣ್ಣತಮ್ಮಂದಿರ ಮನೆಗಳು ಸೇರಿ ಒಂದು ಪೆಟ್ಟಿಗೆ ಕೊಳ್ಳಬಹುದು. ಶಾಲೆಯ ಗ್ರಂಥಾಲಯದ ಬೀರುವಿನಲ್ಲಿ ಒಂದು ಪೆಟ್ಟಿಗೆಗೆ ಜಾಗ ಮಾಡಬಹುದು.

ಅದೂ ಆಗದಿದ್ದರೆ? ಸಾಲ ಮಾಡಿ ಹಡಗು ತರಬೇಕಿಲ್ಲ. ಜೋಳದ ದಂಟು ಸೀಳಿ ಬಂಡಿ ಕಟ್ಟಿದ ಮಕ್ಕಳು, ಮಣ್ಣೆತ್ತಿನ ಅಮಾವಾಸ್ಯೆಗೆ ಕರಿಮಣ್ಣು ನಾದಿ ಎತ್ತು ಮಾಡಿದ ಮಕ್ಕಳು ಇದೇ ಪಾಠವನ್ನು ಪುಕ್ಕಟೆಯಾಗಿ ಕಲಿತಿದ್ದಾರೆ. ಹಡಗಿನ ಪೆಟ್ಟಿಗೆ ಒಳ್ಳೆಯದೇ; ಕೊಳ್ಳುವ ಶಕ್ತಿ ಇದ್ದವರು ಧಾರಾಳವಾಗಿ ಕೊಳ್ಳಲಿ. ಆದರೆ ಅಂಗಡಿಯಲ್ಲಿ ಸಿಗದ ಒಂದು ತುಂಡು ಎರಡು ಆಟಕ್ಕೂ ಬೇಕೇ ಬೇಕು. ಭಾನುವಾರ ಮಗುವಿನ ಪಕ್ಕ ನೆಲದ ಮೇಲೆ ಕೂರುವ ಅಪ್ಪನ ಅಥವಾ ಅಮ್ಮನ ಒಂದು ತಾಸು.