ತಲೆಯ ಮೇಲಿನ ಪುಟ್ಟ ಅಂಕಿ

ನಮ್ಮ ಪಕ್ಕದ ಮನೆಯ ಹುಡುಗ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಾನೆ. ಹೋದ ಸಲ ಒಂದೇ ಒಂದು ಅಂಕ ಕಡಿಮೆಯಾಗಿ ಕೆಲಸ ಕೈತಪ್ಪಿತ್ತು. ಮೊನ್ನೆ ಸಂಜೆ ಮಾದರಿ ಪ್ರಶ್ನೆಪತ್ರಿಕೆ ಹಿಡಿದುಕೊಂಡು ಬಂದ. ‘ಮೇಷ್ಟ್ರೇ, ಇದಕ್ಕೆ ಉತ್ತರ 4 ಅಲ್ಲವಂತೆ. ಅಚ್ಚಿನ ತಪ್ಪಿರಬೇಕು ನೋಡಿ’ ಎಂದ.

ಲೆಕ್ಕ ಇಷ್ಟೇ: (2¹⁰ + 2¹²) ÷ (2⁹ + 2¹¹) ಎಷ್ಟು?

ಹುಡುಗ ಮೇಲಿನ 10 ಮತ್ತು 12ನ್ನು ಕೂಡಿಸಿ 2²² ಎಂದು ಬರೆದಿದ್ದ. ಕೆಳಗಿನ 9 ಮತ್ತು 11ನ್ನು ಕೂಡಿಸಿ 2²⁰ ಮಾಡಿದ್ದ. ಭಾಗಿಸಿದರೆ 2², ಅಂದರೆ 4. ಕೊಟ್ಟಿದ್ದ ನಾಲ್ಕು ಉತ್ತರಗಳಲ್ಲಿ 4 ಕೂಡ ಇತ್ತು! ಇಂಥ ಪ್ರಶ್ನೆ ತೆಗೆಯುವವರು ನಾವು ಎಲ್ಲಿ ಎಡವುತ್ತೇವೆಂದು ಮೊದಲೇ ಊಹಿಸಿ, ಆ ತಪ್ಪಿಗೂ ಒಂದು ಜಾಗ ಕಾದಿರಿಸಿರುತ್ತಾರೆ.

ತಲೆಯ ಮೇಲೆ ಪುಟ್ಟ ಅಂಕಿ ಬರೆಯುವ ಈ ಪದ್ಧತಿಯನ್ನು ಬಳಕೆಗೆ ತಂದವನು ಫ್ರಾನ್ಸಿನ ದೆಕಾರ್ತ್, 1637ರಲ್ಲಿ. ಉದ್ದನೆಯ ಗುಣಾಕಾರವನ್ನು ಚಿಕ್ಕದಾಗಿ ಬರೆಯುವ ಉಪಾಯ ಅದು. ಅನುಮಾನ ಬಂದಾಗ ಬಿಡಿಸಿ ಬರೆದು ನೋಡಿದರಾಯಿತು. 2³ × 2² ಎಂದರೆ ಮೂರು ಎರಡುಗಳ ಜೊತೆಗೆ ಇನ್ನೆರಡು ಎರಡುಗಳ ಗುಣಾಕಾರ. ಒಟ್ಟು ಐದು, ಆದ್ದರಿಂದ 2⁵, ಅಂದರೆ 32. ಆದರೆ 2³ + 2² ಎಂದರೆ 8 + 4 = 12. ಇಲ್ಲಿ 32 ಎಲ್ಲಿಂದ ಬರಬೇಕು? ಘಾತಾಂಕ ಕೂಡಿಸುವುದು ಗುಣಾಕಾರದಲ್ಲಿ ಮಾತ್ರ, ಅದೂ ಆಧಾರ ಒಂದೇ ಆಗಿದ್ದಾಗ. ಸಂಕಲನದಲ್ಲಿ ಮಾಡಬೇಕಾದದ್ದು ಸಾಮಾನ್ಯ ಅಪವರ್ತನ ಹೊರತೆಗೆಯುವುದು.

ಮೇಲೆ 2¹⁰(1 + 4), ಕೆಳಗೆ 2⁹(1 + 4). ಎರಡು ಆವರಣಗಳೂ 5 ಆದ್ದರಿಂದ ಹೊಡೆದುಹೋಗುತ್ತವೆ. ಉಳಿಯುವುದು 2¹⁰ ÷ 2⁹, ಅಂದರೆ 2. ದೊಡ್ಡ ಸಂಖ್ಯೆಯನ್ನು ಮುಟ್ಟಲೇ ಇಲ್ಲ!

ಇಂಥ ಇನ್ನೂ ಕೆಲವು ಗುಂಡಿಗಳಿವೆ. (−2)⁴ ಎಂದರೆ 16. ಆವರಣವಿಲ್ಲದ −2⁴ ಎಂದರೆ −16, ಏಕೆಂದರೆ ಘಾತ 2ಕ್ಕಷ್ಟೇ ಸೇರಿದ್ದು, ಋಣಚಿಹ್ನೆಗಲ್ಲ. 2³⁰ ದೊಡ್ಡದೋ 3²⁰ ದೊಡ್ಡದೋ ಎಂದು ಕೇಳಿದರೆ 30ನ್ನು ನೋಡಿ ಮರುಳಾಗಬೇಡಿ. ಎರಡಕ್ಕೂ 10ರ ಘಾತ ಕೊಡಿ: ಮೊದಲನೆಯದು 8¹⁰, ಎರಡನೆಯದು 9¹⁰. 3²⁰ ಗೆದ್ದಿತು. 2⁰ ಏಕೆ ಸೊನ್ನೆಯಲ್ಲ ಎಂಬ ಗೊಂದಲವೇ? 2³, 2², 2¹ ಎಂದು ಇಳಿಯುತ್ತ ಬನ್ನಿ: 8, 4, 2. ಪ್ರತಿ ಮೆಟ್ಟಿಲಿಗೂ ಅರ್ಧವಾಗುತ್ತದೆ. ಮುಂದಿನದು 1 ಆಗಲೇಬೇಕು. ಇನ್ನೂ ಒಂದು ಮೆಟ್ಟಿಲಿಳಿದರೆ 2⁻¹, ಅಂದರೆ ಅರ್ಧ. ಋಣ ಘಾತಾಂಕದಿಂದ ಸಂಖ್ಯೆ ಋಣವಾಗುವುದಿಲ್ಲ, ಭಿನ್ನರಾಶಿಯಾಗುತ್ತದೆ.

ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಪರೀಕ್ಷಾ ಕೊಠಡಿಗೆ ಹೇಳಿ ಮಾಡಿಸಿದಂತಿದೆ. ಬ್ಯಾಂಕ್ ಪರೀಕ್ಷೆಯಲ್ಲಿ ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಕಾಲುಭಾಗ ಕಡಿತ. ಗೊತ್ತಿಲ್ಲವೆಂದು ಬಿಟ್ಟರೆ ಬರಬೇಕಾದದ್ದು ಬರುವುದಿಲ್ಲ, ಅಷ್ಟೆ. ತಪ್ಪು ಬರೆದರೆ ಇದ್ದದ್ದೂ ಹೋಗುತ್ತದೆ.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಬೆರಳು ಮಡಚಿ ಎಣಿಸಿದ. ‘ಹಾಗಾದರೆ ಇದೊಂದರಲ್ಲೇ ಒಂದೂಕಾಲು ಅಂಕ ಹೋದಂತಾಯಿತಲ್ಲ ಮೇಷ್ಟ್ರೇ. ಹೋದ ಸಲ ನನಗೆ ಬೇಕಿದ್ದದ್ದು ಒಂದೇ’ ಎಂದ.

ಆ ಲೆಕ್ಕವನ್ನು ಮಾತ್ರ ಅವನು ಸರಿಯಾಗಿಯೇ ಮಾಡಿದ್ದ.