ಗುಂಡಿನ ಸದ್ದು ಅಡಗುವ ಮುನ್ನವೇ ಜನಮತವೇ?

ಎಲ್ಲಿಯಾದರೂ ಗುಂಡು ಹಾರಿ ಹೆಣಗಳು ಉರುಳಿದರೆ ಸಾಕು, ಅಂದೇ ಸಂಜೆ ಟಿ.ವಿ. ಪರದೆಯ ಮೇಲೆ ಒಂದು ಪ್ರಶ್ನೆ ಮೂಡುತ್ತದೆ: ‘ಬಂದೂಕಿನ ಕಾನೂನು ಇನ್ನಷ್ಟು ಬಿಗಿಯಾಗಬೇಕೇ? ಹೌದು ಅಥವಾ ಇಲ್ಲ ಎಂದು ತಿಳಿಸಿ.’ ಸ್ವಲ್ಪ ಹೊತ್ತಿನಲ್ಲಿಯೇ ಶೇಕಡಾವಾರು ಫಲಿತಾಂಶ, ಅದರ ಬೆನ್ನಿಗೇ ‘ಜನರ ತೀರ್ಪು’ ಎಂಬ ಘೋಷಣೆ. ಇದನ್ನು ಜನಮತವೆಂದು ಒಪ್ಪಲು ನಾನು ಸಿದ್ಧನಿಲ್ಲ. ಮಾಸ್ತರರ ಹಟ ಇನ್ನೂ ಹೋಗಿಲ್ಲವೆಂದು ನನ್ನ ಹಳೆಯ ವಿದ್ಯಾರ್ಥಿಗಳು ನಗಬಹುದು. ಕಾರಣಗಳನ್ನು ಓದಿ ಆಮೇಲೆ ನಗಲಿ.

ಮೊದಲನೆಯದು, ಉತ್ತರಿಸಿದವರು ಯಾರು ಎಂಬುದು. 1936ರಲ್ಲಿ ಅಮೆರಿಕದ ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಸುಮಾರು 24 ಲಕ್ಷ ಉತ್ತರಗಳನ್ನು ಎಣಿಸಿ, ರೂಸ್‌ವೆಲ್ಟ್ ಸೋಲುತ್ತಾರೆಂದು ಸಾರಿತು. ಅವರು 48 ರಾಜ್ಯಗಳ ಪೈಕಿ 46ರಲ್ಲಿ ಗೆದ್ದರು. ಅದಕ್ಕಿಂತ ಎಷ್ಟೋ ಕಡಿಮೆ ಜನರನ್ನು ಕೇಳಿದ ಜಾರ್ಜ್ ಗ್ಯಾಲಪ್ ಗೆಲ್ಲುವವರನ್ನು ಸರಿಯಾಗಿ ಹೇಳಿದ್ದರು. ಸಂಖ್ಯೆ ದೊಡ್ಡದಾದ ಮಾತ್ರಕ್ಕೆ ಸತ್ಯವಾಗದು. ತಾವಾಗಿಯೇ ಮೊಬೈಲ್ ಒತ್ತಿದವರ ಲೆಕ್ಕ ನಾಡಿನ ಲೆಕ್ಕವಾಗುವುದು ಹೇಗೆ?

ಎರಡನೆಯದು, ಬಾಯಿಮಾತಿನ ತೂಕ. 2012ರ ಡಿಸೆಂಬರ್ 14ರಂದು ಅಮೆರಿಕದ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳೂ 6 ಮಂದಿ ಸಿಬ್ಬಂದಿಯೂ ಗುಂಡಿಗೆ ಬಲಿಯಾದರು. ಬಂದೂಕು ಕೊಳ್ಳುವ ಪ್ರತಿಯೊಬ್ಬರ ಪೂರ್ವಾಪರ ಪರಿಶೀಲಿಸಬೇಕೆಂದು ಹತ್ತರಲ್ಲಿ ಒಂಬತ್ತು ಮಂದಿ ಬಯಸುತ್ತಾರೆಂದು ಸಮೀಕ್ಷೆಗಳು ಹೇಳಿದವು. 2013ರ ಏಪ್ರಿಲ್‌ನಲ್ಲಿ ಸೆನೆಟ್ಟಿನಲ್ಲಿ ಬೇಕಿದ್ದ 60 ಮತಗಳ ಬದಲು ಬಂದದ್ದು 54. ಅದು ರಾಜಕಾರಣಿಗಳ ದೋಷವೆನ್ನೋಣ. ಆದರೆ 2016ರಲ್ಲಿ ಇಂಥದೇ ಪ್ರಸ್ತಾಪ ನೇರವಾಗಿ ಮತದಾರರ ಮುಂದೆ ಬಂದಾಗ ಮೇನ್ ರಾಜ್ಯ ಅದನ್ನು ತಿರಸ್ಕರಿಸಿತು. ನೆವಾಡಾದಲ್ಲಿ ಕೂದಲೆಳೆಯ ಅಂತರದಲ್ಲಿ ಗೆದ್ದಿತು. ದುಃಖದ ದಿನ ‘ಹೌದು’ ಎನ್ನುವುದು ಸುಲಭ. ವಿವರ ಕೇಳಿದ ಮೇಲೂ ಆ ಮಾತಿಗೆ ನಿಲ್ಲುವುದು ಬೇರೆ. ಆ ವ್ಯತ್ಯಾಸವನ್ನು ಶೇಕಡಾವಾರು ಅಳೆಯಲಾರದು.

ಮೂರನೆಯದು ನಮ್ಮ ನಾಡಿನದು. ಡಾ. ಎಂ. ಎಂ. ಕಲಬುರ್ಗಿಯವರು ನೆರೆಯ ಸಿಂದಗಿ ತಾಲ್ಲೂಕಿನವರು. 2015ರ ಆಗಸ್ಟ್ 30ರಂದು ಧಾರವಾಡದ ಮನೆಯಲ್ಲಿ ಅವರ ಹತ್ಯೆಯಾಯಿತು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶರ ಹತ್ಯೆಯಾಯಿತು. ಎರಡಕ್ಕೂ ಬಳಕೆಯಾದದ್ದು 7.65 ಮಿ.ಮೀ.ನ ಒಂದೇ ನಾಡ ಪಿಸ್ತೂಲು ಎಂಬುದು ವಿಧಿವಿಜ್ಞಾನ ಪರೀಕ್ಷೆಯ ವರದಿ. ಪರವಾನಗಿಯಿಲ್ಲದ ಬಂದೂಕು 1959ರ ಶಸ್ತ್ರಾಸ್ತ್ರ ಕಾಯ್ದೆಯಿಂದಲೇ ಅಪರಾಧ. 2019ರ ತಿದ್ದುಪಡಿ ಶಿಕ್ಷೆಯನ್ನು ಹೆಚ್ಚಿಸಿ, ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ಪರವಾನಗಿಯನ್ನೇ ಕೇಳದ ಪಿಸ್ತೂಲಿಗೆ ಮೂರಾದರೇನು, ಎರಡಾದರೇನು? ಅದು ಎಲ್ಲಿ ತಯಾರಾಯಿತು, ಯಾವ ಗಡಿ ದಾಟಿತು, ಯಾರ ಆಶ್ರಯದಲ್ಲಿ ಅಡಗಿತು, ಹಿಡಿದ ಪ್ರಕರಣಗಳಲ್ಲಿ ಎಷ್ಟರಲ್ಲಿ ಶಿಕ್ಷೆಯಾಯಿತು ಎಂಬುವು ಕೇಳಬೇಕಾದ ಪ್ರಶ್ನೆಗಳು. ‘ಹೌದು, ಇಲ್ಲ’ಗಳಿಗೆ ಸಿಗದ ಕಾರಣ ಅವು ಪರದೆಗೆ ಬರುವುದಿಲ್ಲ.

ಇನ್ನು ನಮ್ಮ ಮೂರು ತಾಲ್ಲೂಕುಗಳ ಮಾತು. ಮಹಾರಾಷ್ಟ್ರದ ಗಡಿಗಂಟಿದ ಆಳಂದ, ಭೀಮೆಯ ದಂಡೆಯ ಅಫಜಲಪುರ, ತೊಗರಿಯ ಜೇವರ್ಗಿ. ಹಳೆಯ ದ್ವೇಷಗಳೂ ಕಳ್ಳ ಪಿಸ್ತೂಲುಗಳೂ ಈ ಸೀಮೆಗೆ ಹೊಸವಲ್ಲ, ಅದನ್ನು ಮುಚ್ಚಿಡಲಾರೆ. ಆದರೆ ಮಾಧ್ಯಮಗಳು ‘ಭೀಮಾತೀರದ ಹಂತಕರು’ ಎಂಬ ಪದವನ್ನು ಸವೆಯುವವರೆಗೆ ಬಳಸಿ, ನೀರುಣಿಸಿದ ಹೊಳೆಗೇ ಕಳಂಕ ಹಚ್ಚಿದವು. ಪುಣೆಗೋ ಬೆಂಗಳೂರಿಗೋ ದುಡಿಯಲು ಹೋದ ನಮ್ಮ ಹುಡುಗ ಊರ ಹೆಸರು ಹೇಳಿದೊಡನೆ ‘ಪಿಸ್ತೂಲು ತಂದಿದ್ದೀಯೇನು?’ ಎಂಬ ನಗೆಮಾತು ಕೇಳಬೇಕು. ಈ ಭಯದ ನಡುವೆ ಬಾಳಿದ ತಾಯಂದಿರನ್ನು ಯಾವ ಸಮೀಕ್ಷೆ ಕೇಳಿದೆ? ಕೇಳಿದರೂ, ಯಾರ ಮನೆಯಲ್ಲಿ ಏನಿದೆಯೆಂದು ಬಲ್ಲ ಊರಿನಲ್ಲಿ, ಫೋನಿನ ಅಪರಿಚಿತನೆದುರು ಮನಸ್ಸು ಬಿಚ್ಚುವವರಾರು? ಅವರ ಮೌನ ‘ಹೇಳಲಾಗದು’ ಎಂಬ ಸಾಲಿಗೂ ಸೇರುವುದಿಲ್ಲ.

ಕ್ರಮಬದ್ಧವಾದ ಸಮೀಕ್ಷೆಯನ್ನು ನಾನು ಹಳಿಯುತ್ತಿಲ್ಲ, ಅದೊಂದು ಶಾಸ್ತ್ರ. ಆದರೆ ಎಷ್ಟು ಮಂದಿಯನ್ನು, ಎಲ್ಲೆಲ್ಲಿ, ಯಾವ ಮಾತುಗಳಲ್ಲಿ, ಯಾರ ಹಣದಿಂದ ಕೇಳಿದರೆಂದು ತಿಳಿಸದ ಅಂಕಿಗೆ ತಲೆಬಾಗಬೇಡಿ. ನಿಮ್ಮಲ್ಲಿ ಪತ್ರಕರ್ತರಿದ್ದೀರಿ, ಪೊಲೀಸರಿದ್ದೀರಿ, ವಕೀಲರಿದ್ದೀರಿ. ಮೇಲಿನ ಪ್ರಶ್ನೆಗಳನ್ನು ನಿಮ್ಮ ನಿಮ್ಮ ಜಾಗದಲ್ಲಿ ನೀವೇ ಎತ್ತಿರಿ. ಉತ್ತರ ತಡವಾದರೂ ಚಿಂತೆಯಿಲ್ಲ.